ಕೆಳಗೆ ತೊಟ್ಟಿಕ್ಕುವ ಆಯಿಲ್, ಮೇಲೆ ಅಡಗಿದ ದೋಷ

ಪ್ರಶ್ನೆ: ನನ್ನದು ಹನ್ನೊಂದು ವರ್ಷ ಹಳೆಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. 1,30,000 ಕಿ.ಮೀ. ಓಡಿದೆ. ಆರು ತಿಂಗಳಿಂದ ಪ್ರತಿದಿನ ಬೆಳಿಗ್ಗೆ ಕಾರು ತೆಗೆದ ಮೇಲೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗೆ ನೆಲದಲ್ಲಿ ನಾಣ್ಯದಗಲದ ಕಪ್ಪು ಕಲೆ ಕಾಣುತ್ತಿದೆ. ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ಎಣ್ಣೆಯ ವಾಸನೆ ಒಳಗೆ ಬರುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಕಡ್ಡಿಯ ಮೇಲಿನ ಗೆರೆಯವರೆಗೆ ತುಂಬಿಸಿದ ಆಯಿಲ್ 1,500 ಕಿ.ಮೀ. ಓಡುವಷ್ಟರಲ್ಲಿ ಎರಡು ಗೆರೆಗಳ ನಡುವಿಗೆ ಇಳಿಯುತ್ತದೆ. ಒಂದು ಗ್ಯಾರೇಜಿನವರು "ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಎಂದರು. ಇನ್ನೊಬ್ಬರು ದಪ್ಪ ಆಯಿಲ್ ಹಾಕಿ, ಸೋರಿಕೆ ನಿಲ್ಲಿಸುವ ದ್ರವವನ್ನೂ ಸುರಿಯಲು ಹೇಳಿದರು. ಕಳೆದ ವರ್ಷ ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಅಂಚಿಗೆ ಸಿಲಿಕೋನ್ ಅಂಟು ಹಚ್ಚಿಸಿ ಬೋಲ್ಟ್‌ಗಳನ್ನು ಬಿಗಿ ಮಾಡಿಸಿದ್ದೆ. ಎರಡು ತಿಂಗಳು ನಿಂತು ಮತ್ತೆ ಶುರುವಾಯಿತು. ಮೊನ್ನೆ ಸ್ಪಾರ್ಕ್ ಪ್ಲಗ್ ತೆಗೆಯಲು ಹೋದಾಗ ಮೂರನೆಯ ಪ್ಲಗ್‌ನ ಗುಳಿಯಲ್ಲಿ ಆಯಿಲ್ ನಿಂತಿತ್ತು. ನನ್ನ ಬಳಿ ಸಾಕೆಟ್ ಸೆಟ್ ಇದೆ, ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲ. ಟ್ಯಾಪೆಟ್ ಕವರಿನ ಅಡಿಯಲ್ಲಿ ಸೋರಿಕೆ ತಡೆಯುವ ರಬ್ಬರ್ ಪಟ್ಟಿಯಾದ ಗ್ಯಾಸ್ಕೆಟ್ ಅನ್ನು ಮನೆಯಲ್ಲಿ ನಾನೇ ಬದಲಿಸಬಹುದೇ? ಅಥವಾ ಗೇರ್‌ಬಾಕ್ಸ್ ಇಳಿಸುವುದು ಅನಿವಾರ್ಯವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಬೇಡದ ದೊಡ್ಡ ಕೆಲಸಕ್ಕೆ ದುಡ್ಡು ಸುರಿಯಬೇಕಾದೀತೇ ಎಂಬುದು ಒಂದು. ತಾವೇ ಕೈ ಹಾಕಿ ನೆಟ್ಟಗಿರುವ ಎಂಜಿನ್ನನ್ನೂ ಕೆಡಿಸಿಕೊಂಡೇನೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅರ್ಧ ಉತ್ತರವನ್ನು ನೀವೇ ಬರೆದಿದ್ದೀರಿ: ಮೂರನೆಯ ಪ್ಲಗ್‌ನ ಗುಳಿಯಲ್ಲಿ ನಿಂತ ಆಯಿಲ್. ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ, ಸೀಲ್ ಇರುವುದು ಎಂಜಿನ್ನಿನ ತಳಭಾಗದಲ್ಲಿ. ಅಲ್ಲಿ ಸೋರಿದ ಆಯಿಲ್ ಎಂಜಿನ್ನಿನ ನೆತ್ತಿಯಲ್ಲಿರುವ ಗುಳಿಗೆ ಏರಿ ಬರಲಾರದು. ಪ್ಲಗ್ ಗುಳಿಯ ಸುತ್ತ ಉಂಗುರದಂಥ ರಬ್ಬರ್ ಸೀಲ್ ಇರುತ್ತದೆ, ಅದು ಟ್ಯಾಪೆಟ್ ಕವರಿಗೆ ಸೇರಿದ ಭಾಗ. ಅದು ಗಟ್ಟಿಯಾಗಿದೆ ಎಂದರೆ ಅದರೊಂದಿಗೇ ವಯಸ್ಸಾದ ಸುತ್ತಲಿನ ಗ್ಯಾಸ್ಕೆಟ್ ಮೆತ್ತಗೆ ಉಳಿದಿರುವುದು ಅಪರೂಪ.

ಹಾಗೆಂದು ಹಿಂದಿನ ಸೀಲ್ ಚೆನ್ನಾಗಿಯೇ ಇದೆ ಎಂದು ನಾನು ಹೇಳುತ್ತಿಲ್ಲ. ಎರಡೂ ಏಕಕಾಲಕ್ಕೆ ಸೋರುತ್ತಿರಬಹುದು. ಆದರೆ ಮೇಲಿನ ಸೋರಿಕೆಯನ್ನು ನಿಲ್ಲಿಸದೆ ಕೆಳಗಿನದನ್ನು ಖಚಿತವಾಗಿ ನಿರ್ಧರಿಸುವುದು ಕಷ್ಟ. ಮಳೆಗಾಲದಲ್ಲಿ ಗೋಡೆಯ ಬುಡ ಒದ್ದೆಯಾದರೆ ಮೊದಲು ಹೆಂಚು ನೋಡುತ್ತೇವಲ್ಲ, ಎಂಜಿನ್ನಿನಲ್ಲೂ ಹಾಗೆಯೇ. ಕವರಿನ ಹಿಂಬದಿಯ ಅಂಚಿನಿಂದ ಒಸರಿದ ಆಯಿಲ್ ಸಿಲಿಂಡರ್ ಹೆಡ್ಡಿನ ಬೆನ್ನ ಮೇಲೆ ಇಳಿದು, ಬ್ಲಾಕಿನ ಏಣುಗಳನ್ನು ಹಿಡಿದು ಹರಿದು, ಕೊನೆಗೆ ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚದ ತುದಿಯಲ್ಲಿ ತೊಟ್ಟಿಕ್ಕುತ್ತದೆ. ಕೆಳಗೆ ಮಲಗಿ ನೋಡುವವನಿಗೆ ಕಾಣುವುದು ಆ ತುದಿ ಮಾತ್ರ. "ಹಿಂದಿನ ಸೀಲ್" ಎಂಬ ತೀರ್ಮಾನವನ್ನು ಹೊತ್ತು ನನ್ನ ಬಳಿಗೆ ಬಂದ ಕಾರುಗಳಲ್ಲಿ ಮೇಲಿನ ಗ್ಯಾಸ್ಕೆಟ್ ಬದಲಿಸಿದ ಮೇಲೆ ಪೂರ್ತಿ ಒಣಗಿದವು ಹಲವು. ಗೇರ್‌ಬಾಕ್ಸ್ ಇಳಿಸಿ, ಹೊಸ ಸೀಲ್ ಹಾಕಿ, ಮರುವಾರ ಅದೇ ಜಾಗದಲ್ಲಿ ಅದೇ ಕಲೆ ಕಂಡು ಕಂಗಾಲಾಗಿ ಬಂದವರನ್ನೂ ನೋಡಿದ್ದೇನೆ. ಅವರ ಮುಖ ನೆನಪಿರುವುದರಿಂದಲೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಲೆಕ್ಕವನ್ನೂ ಸ್ವಲ್ಪ ಬಿಡಿಸಿ ನೋಡೋಣ. ಬಹುಪಾಲು ಕಾರುಗಳಲ್ಲಿ ಡಿಪ್‌ಸ್ಟಿಕ್‌ನ ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಅಂದರೆ 1,500 ಕಿ.ಮೀ.ಗೆ ನೀವು ಕಳೆದುಕೊಳ್ಳುತ್ತಿರುವುದು ಸುಮಾರು ಅರ್ಧ ಲೀಟರ್. ಇಪ್ಪತ್ತು ಹನಿ ಸೇರಿದರೆ ಸುಮಾರು ಒಂದು ಮಿಲಿಲೀಟರ್. ನಾಣ್ಯದಗಲದ ಕಲೆಗೆ ಕೆಲವೇ ಹನಿ ಸಾಕು. ರಾತ್ರಿಗೆ ಕೆಲವು ಹನಿಯಂತೆ ಎರಡು ಮೂರು ತಿಂಗಳು ಸೋರಿದರೂ ಅರ್ಧ ಲೀಟರಿನ ಹತ್ತಿರಕ್ಕೂ ಬರುವುದಿಲ್ಲ. ಉಳಿದದ್ದು ಓಡುವಾಗ ಹೋಗುತ್ತಿದೆ. ಒಂದಷ್ಟು ಬಿಸಿಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆ) ಮೇಲೆ ಬಿದ್ದು ಹೊಗೆಯಾಗುತ್ತಿದೆ, ಸಿಗ್ನಲ್‌ನಲ್ಲಿ ನಿಮ್ಮ ಮೂಗಿಗೆ ಬಡಿಯುವುದು ಅದೇ. ಒಂದಷ್ಟು ಗಾಳಿಗೆ ಹಿಂದಕ್ಕೆ ಹರಡುತ್ತಿದೆ. ಇನ್ನೊಂದಷ್ಟು ಎಂಜಿನ್ನಿನ ಒಳಗೇ ಉರಿದುಹೋಗುತ್ತಿರಬಹುದು. ಬೆಳಿಗ್ಗೆ ಮೊದಲು ಚಾಲೂ ಮಾಡಿದಾಗ ಅಥವಾ ಇಳಿಜಾರು ಮುಗಿಸಿ ಆಕ್ಸಿಲರೇಟರ್ ತುಳಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆಯೇ ಎಂದು ಯಾರನ್ನಾದರೂ ಹಿಂದೆ ನಿಲ್ಲಿಸಿಯೋ ಕನ್ನಡಿಯಲ್ಲೋ ಗಮನಿಸಿ. ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುತ್ತದೆ. ಗ್ಯಾಸ್ಕೆಟ್ ಬದಲಿಸಿದರೆ ಆ ಪಾಲು ಕಡಿಮೆಯಾಗುವುದಿಲ್ಲ.

ಈಗ ನಿಮಗೆ ಸಿಕ್ಕ ಸಲಹೆಗಳ ವಿಷಯ. ದಪ್ಪ ಆಯಿಲ್ ಹಾಕಿದರೆ ಸೋರಿಕೆ ನಿಲ್ಲುತ್ತದೆ ಎಂಬ ನಂಬಿಕೆ ಹಳೆಯದು. ದಪ್ಪ ಆಯಿಲ್ ನಿಧಾನವಾಗಿ ಒಸರುತ್ತದೆ ಎಂಬುದು ನಿಜ. ಗಟ್ಟಿಯಾದ ರಬ್ಬರನ್ನು ಅದು ಮೆತ್ತಗೆ ಮಾಡುವುದಿಲ್ಲ. ಚಳಿಯಲ್ಲಿ ಎಂಜಿನ್ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಅದು ಮೇಲ್ಭಾಗದಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನವರೆಗೆ ತಲುಪುವುದು ತಡವಾಗುತ್ತದೆ, ಸವೆತ ಹೆಚ್ಚುತ್ತದೆ. ಕಾರಿನ ಕೈಪಿಡಿ ಹಲವು ದರ್ಜೆಗಳನ್ನು ಒಪ್ಪಿದ್ದರೆ ಅವುಗಳಲ್ಲಿ ದಪ್ಪನೆಯದನ್ನು ಆರಿಸಿಕೊಳ್ಳಿ, ತಪ್ಪಿಲ್ಲ. ಕೈಪಿಡಿಯನ್ನು ದಾಟಿ ಹೋಗಬೇಡಿ. ಸೋರಿಕೆ ನಿಲ್ಲಿಸುವ ದ್ರವಗಳಲ್ಲಿ ಬಹಳಷ್ಟು ರಬ್ಬರನ್ನು ಉಬ್ಬಿಸಿ ಕೆಲಸ ಮಾಡುತ್ತವೆ. ತುಸು ಒಣಗಿದ ಸೀಲಿಗೆ ಅದು ಕೆಲವು ತಿಂಗಳ ಆಯುಷ್ಯ ಕೊಟ್ಟೀತು. ಸೀಳಿದ, ಚಪ್ಪಟೆಯಾಗಿ ಕಲ್ಲಿನಂತಾದ ಗ್ಯಾಸ್ಕೆಟ್ಟಿಗೆ ಏನೂ ಮಾಡದು. ಅಷ್ಟೇ ಅಲ್ಲ, ಅದು ಸೋರುವ ಸೀಲನ್ನು ಮಾತ್ರ ಹುಡುಕಿ ಹೋಗುವುದಿಲ್ಲ, ಎಂಜಿನ್ನಿನಲ್ಲಿರುವ ಎಲ್ಲ ರಬ್ಬರಿನ ಮೇಲೂ ಅದರ ಪರಿಣಾಮ ಆಗುತ್ತದೆ. ಮಾರಲು ಹೊರಟ ಕಾರಿಗೆ ಅದನ್ನು ಸುರಿಯುವವರಿದ್ದಾರೆ. ಇಟ್ಟುಕೊಳ್ಳುವ ಕಾರಿಗೆ ನಾನು ಹೇಳುವುದಿಲ್ಲ. ಸಿಂಥೆಟಿಕ್ ಆಯಿಲ್ ಹಾಕಿದ್ದರಿಂದಲೇ ಸೋರಿಕೆ ಶುರುವಾಯಿತು ಎಂದೂ ಯಾರಾದರೂ ಹೇಳಬಹುದು. ಇಂದಿನ ಸಿಂಥೆಟಿಕ್ ಆಯಿಲ್‌ಗಳು ಸೀಲಿಗೆ ಹೊಂದುವಂತೆಯೇ ತಯಾರಾಗುತ್ತವೆ. ಹೆಚ್ಚೆಂದರೆ ಬಿರುಕಿಗೆ ಮೆತ್ತಿಕೊಂಡಿದ್ದ ಹಳೆಯ ಮಡ್ಡಿಯನ್ನು ಅವು ತೊಳೆದುಬಿಡುತ್ತವೆ, ಮೊದಲೇ ಇದ್ದ ಬಿರುಕು ಆಗ ಬಾಯಿ ಬಿಡುತ್ತದೆ.

ಕಳೆದ ವರ್ಷ ಬೋಲ್ಟ್ ಬಿಗಿ ಮಾಡಿಸಿದ್ದು, ಸಿಲಿಕೋನ್ ಹಚ್ಚಿಸಿದ್ದು ನನಗೆ ನಿಜವಾಗಿ ಕಳವಳ ತರುವ ಸಂಗತಿ. ಗ್ಯಾಸ್ಕೆಟ್ ಸೋರದಂತೆ ತಡೆಯುವುದು ಅದರ ಸ್ಪ್ರಿಂಗಿನಂಥ ಗುಣ. ಒತ್ತಿದಾಗ ತಗ್ಗಿ, ಬಿಟ್ಟಾಗ ಮತ್ತೆ ಉಬ್ಬಬೇಕು. ವರ್ಷಗಟ್ಟಲೆ ನೂರು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಶಾಖದಲ್ಲಿ ಬೆಂದ ರಬ್ಬರ್ ಆ ಗುಣವನ್ನು ಕಳೆದುಕೊಂಡು, ಒತ್ತಿದ ಆಕಾರದಲ್ಲೇ ನಿಂತುಬಿಡುತ್ತದೆ. ಆ ಮೇಲೆ ಎಷ್ಟು ಬಿಗಿ ಮಾಡಿದರೂ ಅದು ಮೆತ್ತಗಾಗದು, ಕವರ್ ಮಾತ್ರ ಬಾಗುತ್ತದೆ. ನಿಮ್ಮ ಕವರ್ ಪ್ಲಾಸ್ಟಿಕ್ಕಿನದಾಗಿದ್ದರೆ ಬೋಲ್ಟಿನ ತೂತಿನ ಬಳಿ ಕೂದಲೆಳೆಯ ಬಿರುಕು ಬಿಟ್ಟಿರಲೂಬಹುದು. ಇನ್ನು ಸಿಲಿಕೋನ್. ಅಂಚಿನ ಹೊರಗೆ ಕಂಡಷ್ಟೇ ಒಳಗೂ ಹಿಂಡಿಕೊಂಡಿರುತ್ತದೆ. ಒಳಗಿನ ಆ ಎಳೆ ಕಳಚಿ ಬಿದ್ದರೆ ಆಯಿಲ್ ಜೊತೆ ತಳಕ್ಕೆ ಇಳಿದು, ಪಂಪ್ ಆಯಿಲ್ ಹೀರುವ ಜಾಲರಿಗೆ ಅಂಟಿಕೊಳ್ಳುತ್ತದೆ. ಜಾಲರಿ ಕಟ್ಟಿದರೆ ಆಯಿಲ್ ಒತ್ತಡ ಬೀಳುತ್ತದೆ, ಬೇರಿಂಗುಗಳು ಒಣಗುತ್ತವೆ. ಒಂದು ಹನಿ ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳುವ ದಾರಿ ಇದು. ಕವರ್ ತೆಗೆದಾಗ ಒಳಗೆ ಕಾಣುವ ಪ್ರತಿಯೊಂದು ಸಿಲಿಕೋನ್ ತುಣುಕನ್ನೂ ಚಿಮುಟದಿಂದ ಹೆಕ್ಕಿ ತೆಗೆಯಿರಿ. ಇದಕ್ಕೆ ಅರ್ಧ ಗಂಟೆ ಹೋದರೂ ಹೋಗಲಿ.

ಗ್ಯಾಸ್ಕೆಟ್ ಹೋಗಲು ವಯಸ್ಸೊಂದೇ ಕಾರಣ ಎಂದು ಒಪ್ಪಿಕೊಳ್ಳುವ ಮೊದಲು ಇನ್ನೊಂದನ್ನು ನೋಡಬೇಕು. ಪಿಸ್ಟನ್ ರಿಂಗುಗಳನ್ನು ದಾಟಿ ಒಂದಿಷ್ಟು ಅನಿಲ ಕ್ರ್ಯಾಂಕ್ ಕೋಣೆಗೆ ನುಸುಳುವುದು ಎಲ್ಲ ಎಂಜಿನ್ನುಗಳಲ್ಲೂ ಸಹಜ. ಅದನ್ನು ಹೀರಿ ಗಾಳಿ ಒಳಬರುವ ಇನ್‌ಟೇಕ್‌ಗೆ ಕಳುಹಿಸಲು ಪಿಸಿವಿ ಎಂಬ ಪುಟ್ಟ ಕವಾಟವಿದೆ. ಅದು ಮಡ್ಡಿಯಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಹೊರದಾರಿ ಹುಡುಕುತ್ತದೆ, ಯಾವ ಸೀಲ್ ದುರ್ಬಲವೋ ಅಲ್ಲಿಂದ ಆಯಿಲ್ಲನ್ನು ತಳ್ಳುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿದ ಕೆಲವೇ ತಿಂಗಳಲ್ಲಿ ಮತ್ತೆ ಸೋರುವ ಎಂಜಿನ್ನುಗಳಲ್ಲಿ ನಾನು ಮೊದಲು ಕೈ ಹಾಕುವುದು ಈ ಕವಾಟಕ್ಕೇ. ಪರೀಕ್ಷೆ ಸುಲಭ. ಬೇರೆ ಬಿಡಿಭಾಗವಾಗಿದ್ದರೆ ಬಿಚ್ಚಿ ಅಲುಗಾಡಿಸಿ. ಒಳಗಿನ ಕವಾಟ ಟಿಕ್ ಟಿಕ್ ಎನ್ನಬೇಕು. ಸದ್ದಿಲ್ಲದಿದ್ದರೆ ಬದಲಿಸಿ. ಕೆಲವು ಎಂಜಿನ್ನುಗಳಲ್ಲಿ ಅದು ಕವರಿನೊಳಗೇ ತೆಳುವಾದ ರಬ್ಬರ್ ಪೊರೆಯ ರೂಪದಲ್ಲಿ ಇರುತ್ತದೆ. ಅಲ್ಲಿ ಕವರನ್ನೇ ಬದಲಿಸುವುದು ಜಾಣತನ, ಏಕೆಂದರೆ ಹೊಸ ಕವರ್ ಹಲವು ವೇಳೆ ಗ್ಯಾಸ್ಕೆಟ್ ಸಹಿತವೇ ಬರುತ್ತದೆ. ಕಾರು ನಿಂತು, ಬಿಸಿಯಾದ ಎಂಜಿನ್ ಆಕ್ಸಿಲರೇಟರ್ ತುಳಿಯದೆ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ, ತೆಗೆಯದೆ ಸುಮ್ಮನೆ ಬಾಯಿಯ ಮೇಲಿಟ್ಟು ನೋಡಿ. ಒಳಗಿನಿಂದ ಬಲವಾಗಿ ಗಾಳಿ ನುಗ್ಗಿ ಮುಚ್ಚಳ ಕುಣಿಯುತ್ತಿದ್ದರೆ, ಒಂದೋ ಪಿಸಿವಿ ಕಟ್ಟಿದೆ ಇಲ್ಲವೇ ರಿಂಗುಗಳು ಸವೆದಿವೆ. ಹೊಸ ಪಿಸಿವಿ ಹಾಕಿದ ಮೇಲೂ ಕುಣಿತ ನಿಲ್ಲದಿದ್ದರೆ ಸಿಲಿಂಡರುಗಳ ಒತ್ತಡ ಪರೀಕ್ಷೆ ಮಾಡಿಸಿ.

ಮೂಲವನ್ನು ಖಚಿತಪಡಿಸಿಕೊಳ್ಳುವ ವಿಧಾನಕ್ಕೆ ದುಡ್ಡಿಗಿಂತ ತಾಳ್ಮೆ ಬೇಕು. ತಣ್ಣಗಿನ ಎಂಜಿನ್ನಿಗೆ ಡಿಗ್ರೀಸರ್ ಹಚ್ಚಿ, ಹಳೆಯ ಜಿಡ್ಡನ್ನೆಲ್ಲ ಬ್ರಷ್ ಮತ್ತು ಬಟ್ಟೆಯಿಂದ ಒರೆಸಿ. ವೈರಿಂಗ್ ಕನೆಕ್ಟರು, ಆಲ್ಟರ್ನೇಟರು, ಇಗ್ನಿಷನ್ ಕಾಯಿಲ್‌ಗಳಿಗೆ ನೀರು ತಾಗಿಸಬೇಡಿ. ಒಣಗಿದ ಮೇಲೆ ಕವರಿನ ಅಂಚಿಗೆ, ಅದರ ಕೆಳಗಿನ ಬ್ಲಾಕಿಗೆ ಮೈಗೆ ಹಚ್ಚುವ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ. ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿಯಿರಿ. ಬಿಳಿಯ ಪೌಡರಿನ ಮೇಲೆ ಆಯಿಲ್ಲಿನ ಜಾಡು ಗೆರೆ ಎಳೆದಂತೆ ಕಾಣುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ. ಅದೇ ಹೊತ್ತಿಗೆ ಆಯಿಲ್ ಪ್ರೆಷರ್ ಸ್ವಿಚ್ಚಿನ ವೈರನ್ನೂ ಕಿತ್ತು ನೋಡಿ. ಕನೆಕ್ಟರಿನ ಒಳಗೆ ಆಯಿಲ್ ಇದ್ದರೆ ಆ ಸ್ವಿಚ್ಚೂ ಸೋರುತ್ತಿದೆ. ಅದನ್ನು ಬದಲಿಸುವುದು ಕೆಲವೇ ನಿಮಿಷಗಳ ಕೆಲಸ. ಕ್ರ್ಯಾಂಕನ್ನೂ ಕ್ಯಾಮ್‌ಶಾಫ್ಟನ್ನೂ ಜೋಡಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದರ ಕವಚದ ತಳ ಒದ್ದೆಯಾಗಿದೆಯೇ ಎಂದು ತಪ್ಪದೆ ನೋಡಿ. ಆಯಿಲ್ ಕುಡಿದ ಬೆಲ್ಟ್ ಉಬ್ಬಿ, ಹಲ್ಲು ಕಳಚಿ ತುಂಡಾಗುತ್ತದೆ, ಅನೇಕ ಎಂಜಿನ್ನುಗಳಲ್ಲಿ ಆಗ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಅಲ್ಲಿ ಒದ್ದೆ ಕಂಡರೆ ಕಾರನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.

ಸೋರಿಕೆ ಕವರಿನದೇ ಎಂದು ಕಂಡರೆ, ಹೌದು, ನೀವೇ ಮಾಡಬಹುದು. ನಿಮಗೆ ಅರ್ಧ ದಿನ ಬೇಕಾದೀತು. ಕೈಪಳಗಿದವರಿಗೆ ಒಂದೆರಡು ಗಂಟೆಯ ಕೆಲಸ ಇದು. ಆದರೆ ಎರಡು ಸಂದರ್ಭಗಳಲ್ಲಿ ಬೇಡ ಎನ್ನುತ್ತೇನೆ. ಪೆಟ್ರೋಲ್ ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್ನುಗಳಲ್ಲಿ ಅಧಿಕ ಒತ್ತಡದ ಇಂಧನ ಪಂಪು ಕವರಿನ ಮೇಲೆ ಅಥವಾ ಪಕ್ಕದಲ್ಲೇ ಕೂತಿರುತ್ತದೆ. ಕವರ್ ತೆಗೆಯಲು ಆ ಇಂಧನ ಪೈಪನ್ನು ಬಿಚ್ಚಬೇಕಾದರೆ ಅದು ಮನೆಯ ಕೆಲಸವಲ್ಲ. ಇನ್ನು, ಕವರ್ ತೆಗೆಯಲು ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಇಳಿಸಬೇಕಾದ ಎಂಜಿನ್ ನಿಮ್ಮದಾಗಿದ್ದರೆ, ಮೊದಲ ಬಾರಿಗೆ ಪಾನಾ ಹಿಡಿಯುವವರಿಗೆ ಅದು ಭಾರವಾಗುತ್ತದೆ. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯನ್ನು ಓದಿಕೊಂಡೇ ಹೊರಡಿ.

ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕೊಳ್ಳಿ, ಇಲ್ಲವೇ ಎರವಲು ತನ್ನಿ. ಈ ಕವರಿನ ಬೋಲ್ಟುಗಳು ಸಾಮಾನ್ಯವಾಗಿ ಆರು ಮಿಲಿಮೀಟರಿನವು. ಅವಕ್ಕೆ ಬೇಕಾದ ಬಿಗಿ ಬಹುತೇಕ ಎಂಜಿನ್ನುಗಳಲ್ಲಿ 8ರಿಂದ 12 ನ್ಯೂಟನ್ ಮೀಟರ್ ಒಳಗೆ. ಚಕ್ರದ ನಟ್ಟಿಗೆ ಹಾಕುವ ಬಲ ಸುಮಾರು 100. ಅಂದರೆ ಅದರ ಹತ್ತನೇ ಒಂದು ಪಾಲು. ಕೈಯ ಅಂದಾಜಿಗೆ ಸಿಗುವಂಥದ್ದಲ್ಲ ಅದು, ಸಣ್ಣ ಬೋಲ್ಟ್ ಬಲವಾಗಿ ಕೂರಲಿ ಎಂದು ನಮ್ಮ ಕೈ ತಾನಾಗಿಯೇ ಒಂದು ಸುತ್ತು ಹೆಚ್ಚು ಎಳೆಯುತ್ತದೆ. ಅಲ್ಯುಮಿನಿಯಂ ಹೆಡ್ಡಿನಲ್ಲಿ ಬೋಲ್ಟ್ ಕೂರುವ ತೂತಿನ ಮರೆ (ಸುರುಳಿ ಗೆರೆ) ಕಿತ್ತು ಬಂದರೆ ರಿಪೇರಿಯ ಖರ್ಚು ಗ್ಯಾಸ್ಕೆಟ್ಟಿನ ಬೆಲೆಯ ಹತ್ತಾರು ಪಟ್ಟು. ಚಕ್ರಕ್ಕೆ ಬಳಸುವ ದೊಡ್ಡ ಟಾರ್ಕ್ ರೆಂಚ್ ಇಷ್ಟು ಕಡಿಮೆ ಬಿಗಿಯನ್ನು ಸರಿಯಾಗಿ ತೋರಿಸುವುದಿಲ್ಲ. 5ರಿಂದ 25 ನ್ಯೂಟನ್ ಮೀಟರಿನ ಚಿಕ್ಕದೇ ಬೇಕು. ನಿಮ್ಮ ಕವರಿನ ನಿಖರ ಅಂಕೆಯನ್ನು ಕೈಪಿಡಿಯಿಂದ ತೆಗೆದುಕೊಳ್ಳಿ, ನನ್ನದರಿಂದ ಬೇಡ.

ಬಿಡಿಭಾಗ ಕೊಳ್ಳುವಾಗ ಸುತ್ತಲಿನ ಗ್ಯಾಸ್ಕೆಟ್ ಜೊತೆ ಪ್ಲಗ್ ಗುಳಿಯ ನಾಲ್ಕು ಸೀಲುಗಳು, ಬೋಲ್ಟಿನ ತಲೆಯ ಕೆಳಗಿನ ರಬ್ಬರ್ ವಾಷರುಗಳು ಸೇರಿರುವ ಸೆಟ್ ಕೇಳಿ. ಗ್ಯಾಸ್ಕೆಟ್ ಒಂದನ್ನೇ ಬದಲಿಸಿ ಹಳೆಯ ವಾಷರ್ ಹಾಕಿದರೆ ಒತ್ತಡ ಸಮನಾಗಿ ಕೂರುವುದಿಲ್ಲ. ಕಾರು ತಯಾರಕರ ಗ್ಯಾಸ್ಕೆಟ್ ಅಥವಾ ಅವರಿಗೇ ಸರಬರಾಜು ಮಾಡುವ ಕಂಪನಿಯದು ಒಳ್ಳೆಯದು. ತೀರಾ ಅಗ್ಗದವುಗಳಲ್ಲಿ ಮೂಲೆಗಳ ಅಳತೆಯೇ ಕೂಡಿಬರದೆ ನಾನು ಹಿಂದಿರುಗಿಸಿದ್ದುಂಟು.

ಕೆಲಸ ಶುರು ಮಾಡುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಪೈಪು ಮತ್ತು ಕನೆಕ್ಟರು ಎಲ್ಲಿತ್ತು ಎಂಬ ಗೊಂದಲ ಆಮೇಲೆ ಬರುವುದೇ ಹೆಚ್ಚು. ಇಗ್ನಿಷನ್ ಕಾಯಿಲ್‌ಗಳನ್ನು ಎಳೆದ ಮೇಲೆ, ಪ್ಲಗ್ ಬಿಚ್ಚುವ ಮೊದಲೇ, ಮೂರನೆಯ ಗುಳಿಯ ಆಯಿಲ್ಲನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಹೀರಿಸಿ ತೆಗೆಯಿರಿ. ಇಲ್ಲದಿದ್ದರೆ ಪ್ಲಗ್ ಹೊರಬಂದ ಕೂಡಲೇ ಅಷ್ಟೂ ಸಿಲಿಂಡರಿಗೆ ಇಳಿಯುತ್ತದೆ. ಆಯಿಲ್ಲಿನಲ್ಲಿ ನೆನೆದ ಕಾಯಿಲ್‌ನ ರಬ್ಬರ್ ತೋಳು ಮೆತ್ತಗಾಗಿ ಉಬ್ಬಿದ್ದರೆ ಅದನ್ನೂ ಬದಲಿಸಿ, ಇಲ್ಲವಾದರೆ ಮುಂದೆ ಎಂಜಿನ್ ಮುಗ್ಗರಿಸುತ್ತದೆ.

ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ. ಸಿಲಿಕೋನ್ ಹಿಡಿದಿರುವುದರಿಂದ ಕವರ್ ಸುಲಭವಾಗಿ ಏಳುವುದಿಲ್ಲ. ಆಗ ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟಬೇಡಿ. ಆ ಒಂದು ಗೀರು ಹೊಸ ಗ್ಯಾಸ್ಕೆಟ್ ಅಡಿಯಲ್ಲೂ ಆಯಿಲ್ಲಿಗೆ ಕಾಲುವೆಯಾಗುತ್ತದೆ. ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಕವರ್ ಎದ್ದ ಕೂಡಲೇ ಆಯಿಲ್ ಇಳಿಯುವ ತೂತುಗಳು ಮತ್ತು ಬೆಲ್ಟಿನ ಬದಲು ಟೈಮಿಂಗ್ ಚೈನ್ ಇದ್ದರೆ ಅದು ಇಳಿಯುವ ಸಂದಿಯನ್ನು ನೂಲು ಬಿಡದ ಬಟ್ಟೆಯಿಂದ ಮುಚ್ಚಿ, ಎಷ್ಟು ಬಟ್ಟೆ ಇಟ್ಟಿರಿ ಎಂದು ಎಣಿಸಿಟ್ಟುಕೊಳ್ಳಿ. ಒಳಭಾಗ ಜೇನಿನ ಬಣ್ಣದಲ್ಲಿದ್ದರೆ ಎಂಜಿನ್ನಿನ ಆರೈಕೆ ಚೆನ್ನಾಗಿ ಆಗಿದೆ. ಕಪ್ಪು ಕೆಸರು ಕಟ್ಟಿದ್ದರೆ ಆಯಿಲ್ ಬದಲಾವಣೆಗಳು ತಡವಾಗಿವೆ, ಪಿಸಿವಿ ಕಟ್ಟಿರುವ ಸಾಧ್ಯತೆಯೂ ಹೆಚ್ಚು. ಎರಡೂ ಮೇಲ್ಮೈಗಳನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಮಾತ್ರ ಸ್ವಚ್ಛ ಮಾಡಿ, ಕೊನೆಗೆ ಪೂರ್ತಿ ಒಣಗಿಸಿ. ಮರಳು ಕಾಗದ ಬೇಡವೇ ಬೇಡ; ಅದರ ಪುಡಿ ಬೇರಿಂಗಿನ ಶತ್ರು. ಕವರನ್ನು ಸಮತಟ್ಟಾದ ಗಾಜಿನ ಮೇಲೆ ಬೋರಲಿಟ್ಟು ಅಲುಗುತ್ತದೆಯೇ ನೋಡಿ. ಅಲುಗಿದರೆ ಕಳೆದ ವರ್ಷದ ಬಿಗಿತಕ್ಕೆ ಅದು ಬಾಗಿದೆ, ಹೊಸ ಕವರ್ ಬೇಕು.

ಹೊಸ ಗ್ಯಾಸ್ಕೆಟ್ ಕವರಿನ ಕಾಲುವೆಯಲ್ಲಿ ಎಲ್ಲೂ ತಿರುಚದೆ ಕೂರಬೇಕು. ಸಿಲಿಕೋನ್ ಬೇಕಾಗುವುದು ಹೆಚ್ಚೆಂದರೆ ಟೈಮಿಂಗ್ ಕವರ್ ಮತ್ತು ಹೆಡ್ ಸೇರುವ ಎರಡು ಮೂಲೆಗಳಲ್ಲಿ, ಅರ್ಧಚಂದ್ರಾಕಾರದ ತಿರುವುಗಳಲ್ಲಿ. ಅಲ್ಲಿಯೂ ಅಕ್ಕಿಕಾಳಿನಷ್ಟು. ಉಳಿದ ರಬ್ಬರಿಗೆ ಏನೂ ಹಚ್ಚಬೇಡಿ. ಒಳಗಿಟ್ಟ ಬಟ್ಟೆಗಳನ್ನು ಎಣಿಸಿ ತೆಗೆದ ಮೇಲೆಯೇ ಕವರ್ ಕೂರಿಸಿ. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದ ತಿರುಗಿಸಿ, ಆಮೇಲೆ ನಡುವಿನಿಂದ ಹೊರಕ್ಕೆ, ಅಡ್ಡಡ್ಡವಾಗಿ, ಎರಡು ಮೂರು ಸುತ್ತಿನಲ್ಲಿ ಕೈಪಿಡಿಯ ಅಂಕೆಗೆ ತನ್ನಿ. ಸಿಲಿಕೋನ್ ಹಚ್ಚಿದ್ದರೆ ಅದರ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ ಒಂದು ದಿನ ಬೇಕು. ಚಾಲೂ ಮಾಡಿದ ಮೇಲೆ ಮ್ಯಾನಿಫೋಲ್ಡ್ ಮೇಲೆ ಉಳಿದ ಹಳೆಯ ಆಯಿಲ್ ಉರಿದು ಸ್ವಲ್ಪ ಹೊತ್ತು ಹೊಗೆ, ವಾಸನೆ ಬರುತ್ತದೆ. ಗಾಬರಿಯಾಗಬೇಡಿ, ಆದರೆ ಕಣ್ಣು ಅಲ್ಲೇ ಇರಲಿ, ಕೈಗೆಟುಕುವಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ.

ಇಷ್ಟೆಲ್ಲ ಬೇಡ, ಆಯಿಲ್ ತುಂಬಿಸಿಕೊಂಡೇ ಓಡಿಸುತ್ತೇನೆ ಎಂಬ ಆಯ್ಕೆಯೂ ಇದೆ. ಹೊರಮೈ ಬರಿ ಒದ್ದೆಯಾಗಿ, ಹನಿ ಬೀಳದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮ ಕಾರಿನಲ್ಲಿ ಆಯಿಲ್ ಎಕ್ಸಾಸ್ಟಿನ ಮೇಲೆ ಬೀಳುತ್ತಿದೆ. ಅಪರೂಪವಾದರೂ ಅಲ್ಲಿ ಬೆಂಕಿ ಹೊತ್ತಿಕೊಳ್ಳುವುದುಂಟು, ಹಾಗಾಗಿ ತಿಂಗಳುಗಟ್ಟಲೆ ಮುಂದೂಡಬೇಡಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದರೆ ಮನೆ ತಲುಪುವ ಯೋಚನೆ ಬಿಟ್ಟು, ಸುರಕ್ಷಿತವಾಗಿ ಬದಿಗೆ ತಂದು ಆ ಕ್ಷಣವೇ ಎಂಜಿನ್ ನಿಲ್ಲಿಸಿ. ಗ್ಯಾರೇಜಿನಲ್ಲೇ ಮಾಡಿಸುವುದಾದರೆ ಅವಮಾನವೇನಿಲ್ಲ. ಗುಳಿಯ ಸೀಲು, ವಾಷರು, ಪಿಸಿವಿ ಮೂರನ್ನೂ ಹೆಸರು ಹಿಡಿದು ಕೇಳಿ, ಹಳೆಯ ಗ್ಯಾಸ್ಕೆಟ್ಟನ್ನು ಕೈಗೆ ಕೊಡಲು ಹೇಳಿ.

ಕೆಲಸ ಮುಗಿದು 100 ಕಿ.ಮೀ. ಓಡಿದ ಮೇಲೆ ಕವರಿನ ಅಂಚನ್ನು ಬಿಳಿ ಕಾಗದದಿಂದ ಒರೆಸಿ ನೋಡಿ. ಕಾಗದ ಒಣಗಿದ್ದು, ಗೇರ್‌ಬಾಕ್ಸಿನ ಕೆಳಗೆ ಹೊಸ ಹನಿ ಎರಡು ವಾರದ ನಂತರವೂ ಬೀಳುತ್ತಿದ್ದರೆ ಮೊದಲ ಗ್ಯಾರೇಜಿನವರ ಮಾತಿನಲ್ಲಿ ಸತ್ಯವಿದೆ. ಆ ಕೆಲಸವನ್ನು ಮನೆಯಲ್ಲಿ, ಜಾಕ್ ಮೇಲೆ ನಿಂತ ಕಾರಿನಡಿ ಮಲಗಿ ಮಾಡಲು ಹೋಗಬೇಡಿ. ಗೇರ್‌ಬಾಕ್ಸ್ ಹೇಗೂ ಇಳಿಯುವುದರಿಂದ, ಕೈಯಲ್ಲಿ ಹಾಕುವ ಗೇರಿನ ಕಾರಾದರೆ ಕ್ಲಚ್ ಪ್ಲೇಟ್ ಎಷ್ಟು ಸವೆದಿದೆ, ಅದಕ್ಕೆ ಆಯಿಲ್ ತಾಗಿದೆಯೇ ಎಂಬುದನ್ನು ಅಂದೇ ನೋಡಿಸಿ, ಅಗತ್ಯವಿದ್ದರೆ ಅದನ್ನೂ ಜೊತೆಗೇ ಬದಲಿಸಿ.